ಪಡುವಣ ಗೋಡೆಯ ನಾಲ್ಕು ಕಿಟಕಿ ಬದಲಾಯಿಸಿದ ಕೆಲಸ: ಅಳತೆ, ಖರ್ಚು, ಕೈಕೊಟ್ಟ ಕಡೆಗಳು

ನಮ್ಮ ಮನೆ ಇರುವುದು ತೀರ್ಥಹಳ್ಳಿ–ಆಗುಂಬೆ ರಸ್ತೆಯಲ್ಲಿ, ಮೇಗರವಳ್ಳಿ ಆಸುಪಾಸು. ಜಂಬಿಟ್ಟಿಗೆ ಕಲ್ಲಿನ ಗೋಡೆ, ಮಣ್ಣಿನ ಗಾರೆ, ಮೇಲೆ ಹೆಂಚು. ಪಡುವಣ ಗೋಡೆಗೆ ನಾಲ್ಕು ಕಿಟಕಿ. ಮಾವನ ಕೋಣೆ, ನಮ್ಮ ಕೋಣೆ, ನಡುಮನೆ, ಈ ಮೂರರದ್ದೂ 3 ಅಡಿ ಅಗಲ, 4 ಅಡಿ ಎತ್ತರ. ಅಡುಗೆಮನೆಯದು 3 ಅಡಿ ಚೌಕ. ಈ ಬೇಸಿಗೆಯಲ್ಲಿ ನಾಲ್ಕನ್ನೂ ಬದಲಾಯಿಸಿದೆವು. ಮೂರಕ್ಕೆ ಮರ, ಅಡುಗೆಮನೆಗೆ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್ ಚೌಕಟ್ಟು). ಈಗ ಆಶ್ಲೇಷಾ ಮಳೆ ಹೊಡೀತಾ ಇದೆ. ಯಾವುದು ನಿಂತಿತು, ಯಾವುದು ಸೋರಿತು ಅಂತ ಗೊತ್ತಾಗಿದೆ, ಹಾಗಾಗಿ ಬರೆಯುತ್ತಿದ್ದೇನೆ.

ಕಿಟಕಿ ಬದಲಾಯಿಸ್ತೀವಿ ಅಂದ ಕೂಡಲೇ ಎಲ್ಲರೂ ಕೇಳಿದ್ದು ಒಂದೇ: ಮರವೋ, ಸಿಮೆಂಟ್ ಚೌಕಟ್ಟೋ, ಯುಪಿವಿಸಿಯೋ? ಕೆಲಸ ಮಾಡಿದ ಮೇಲೆ ನನಗೆ ಅನಿಸಿದ್ದು, ಅದು ಎರಡನೇ ಪ್ರಶ್ನೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ನಮ್ಮಲ್ಲಿ ಅಷ್ಟಿಲ್ಲ, ಆದರೆ ಬೀಸುವುದು ಅದೇ ಗಾಳಿ. ಮಳೆ ನೇರ ಬೀಳಲ್ಲ, ಅಡ್ಡ ಹೊಡೆಯುತ್ತೆ. ಎರಡೂವರೆ ಅಡಿ ಸೂರು ಇದ್ದರೂ ಎರಚಲು ನೇರ ಕಿಟಕಿಗೇ. ಹಾಗಾಗಿ ಇಲ್ಲಿ ಕಿಟಕಿ ಕೆಲಸ ಅಂದ್ರೆ ನೀರಿನ ಕೆಲಸ. ಚೌಕಟ್ಟಿನ ಕೆಳಗಿನ ಒಂದು ಗೇಣು ಜಾಗದಲ್ಲಿ ನೀರು ಎತ್ತ ಹೋಗುತ್ತೆ ಅನ್ನೋದನ್ನ ಮೊದಲು ಸರಿಮಾಡಬೇಕು. ಅದೊಂದು ತಪ್ಪಿದರೆ ತೇಗ ಹಾಕಿದರೂ ಅಷ್ಟೇ.

ಫೆಬ್ರವರಿ: ಚುಚ್ಚಿ ನೋಡಿದ್ದು, ಅಳೆದದ್ದು

ಅಡಿಕೆ ಕೊಯ್ಲು, ಸುಲಿತ ಮುಗಿಯದೆ ನಮ್ಮ ಕಡೆ ಇಂಥ ಕೆಲಸಕ್ಕೆ ಕೈ ಹಾಕೋಕೆ ಆಗಲ್ಲ. ಫೆಬ್ರವರಿಯಲ್ಲಿ ಒಂದು ಸ್ಕ್ರೂಡ್ರೈವರ್ ಹಿಡಿದು ನಾಲ್ಕೂ ಚೌಕಟ್ಟನ್ನು ಚುಚ್ಚುತ್ತಾ ಹೋದೆ. ಮೇಲಿನ ಅಡ್ಡ ಮರ ಗಟ್ಟಿ. ಎರಡೂ ಬದಿಯ ನಿಲುವು ಮರ ಎದೆಮಟ್ಟದವರೆಗೆ ಗಟ್ಟಿ. ಕೆಳಗಿನ ಆರು ಇಂಚಿಗೆ ಬಂದರೆ ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗೆ ಹೋಯಿತು. ನಾಲ್ಕರಲ್ಲೂ ಹಾಳಾಗಿದ್ದು ಇದೊಂದೇ ಜಾಗ.

ಕಾರಣ ಹೊರಗಿನಿಂದ ನೋಡಿದರೆ ಕಾಣುತ್ತಿತ್ತು. ಹಿಂದೆ ಯಾವಾಗಲೋ ಹೊರಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದಾರೆ. ಕಿಟಕಿ ಕೆಳಗಿನ ದಂಡೆಯನ್ನು ಮಟ್ಟಸವಾಗಿ ಎಳೆದು, ಪ್ಲಾಸ್ಟರನ್ನು ಮರದ ಮೇಲೆ ಅರ್ಧ ಇಂಚು ಹತ್ತಿಸಿದ್ದಾರೆ. ದಂಡೆ ಮೇಲೆ ನಿಂತ ನೀರಿಗೆ ಹೋಗಲು ಬೇರೆ ದಾರಿ ಇಲ್ಲ. ಮರದೊಳಗೆ ಇಳಿದಿದೆ. ಒದ್ದೆ ಮರಕ್ಕೆ ಗೆದ್ದಲು ಹತ್ತಿದೆ.

ಕೆಳಭಾಗ ಮಾತ್ರ ಕತ್ತರಿಸಿ ಹೊಸ ಮರ ಜೋಡಿಸಬಹುದಾ ಅಂತ ಆಚಾರಿಯವರನ್ನು ಕೇಳಿದೆ. ಅವರು ಉಳಿಯಲ್ಲಿ ಒಂದು ನಿಲುವನ್ನು ಸೀಳಿ ತೋರಿಸಿದರು. ಹೊರಮೈ ಚೆನ್ನಾಗಿದೆ, ಒಳಗೆ ಎರಡು ಅಡಿ ಎತ್ತರದವರೆಗೆ ಗೆದ್ದಲು ಮಣ್ಣು. "ಬಣ್ಣ ನಿಂತಿದೆ ಅಮ್ಮಾ, ಮರ ನಿಂತಿಲ್ಲ" ಅಂದರು. ಅಲ್ಲಿಗೆ ಜೋಡಿಸುವ ಮಾತು ಬಿಟ್ಟೆವು. ಬರೀ ಕೆಳಗಿನ ಅಡ್ಡ ಮರ ಮಾತ್ರ ಹೋಗಿದ್ದರೆ ಜೋಡಿಸುವುದೇ ಒಳ್ಳೆಯದು, ದುಡ್ಡೂ ಉಳಿಯುತ್ತೆ.

ಅಳತೆ ತೆಗೆಯುವಾಗ ಅಗಲವನ್ನು ಮೇಲೆ, ನಡುವೆ, ಕೆಳಗೆ ಅಂತ ಮೂರು ಕಡೆ ಹಿಡಿದೆ. ಎತ್ತರವನ್ನೂ ಮೂರು ಕಡೆ. ಮೂರರಲ್ಲಿ ಚಿಕ್ಕದು ಯಾವುದೋ ಅದೇ ಲೆಕ್ಕಕ್ಕೆ. ಆಮೇಲೆ ಮೂಲೆಯಿಂದ ಮೂಲೆಗೆ. 3 ಅಡಿ, 4 ಅಡಿ ಕಿಟಕಿಗೆ ಇದು ಎರಡೂ ಕಡೆ ಸರಿಯಾಗಿ 5 ಅಡಿ ಬರಬೇಕು. ನಡುಮನೆಯಲ್ಲಿ ಒಂದು 5 ಅಡಿ ಅರ್ಧ ಇಂಚು, ಇನ್ನೊಂದು 4 ಅಡಿ ಹನ್ನೊಂದು ಕಾಲು ಇಂಚು ಬಂತು. ಅಂದ್ರೆ ಕಂಡಿ ವಾಲಿದೆ. ಗೋಡೆ ಯಾಕೆ ವಾಲಿತು ಅಂತ ಮೇಲೆ ನೋಡಿದರೆ ಕಿಟಕಿ ತಲೆ ಮೇಲಿನ ಮರದ ಹಲಗೆಯಲ್ಲಿ ಗೆದ್ದಲು. ಉಳಿದ ಮೂರು ಕಡೆ ಹಲಗೆ ಗಟ್ಟಿ ಇತ್ತು, ಸುತ್ತಿಗೆಯಲ್ಲಿ ತಟ್ಟಿದರೆ ಟಣ್ ಅಂತಿತ್ತು. ಇಲ್ಲಿ ಸದ್ದೇ ಇಲ್ಲ.

ಕಿಟಕಿ ತೆಗೆಯುವ ಮೊದಲು ಈ ಹಲಗೆ ನೋಡದಿದ್ದರೆ ಅಪಾಯ. ಹಳೇ ಮನೆಯಲ್ಲಿ ಹಲಗೆ ಸೋತ ಮೇಲೆ ಗೋಡೆಯ ಭಾರ ಚೌಕಟ್ಟಿನ ಮೇಲೇ ಕೂತಿರುತ್ತೆ. ಚೌಕಟ್ಟು ಎಳೆದರೆ ಕಲ್ಲು ತಲೆ ಮೇಲೆ ಬರುತ್ತೆ.

ಅದಕ್ಕೆ ಫೆಬ್ರವರಿಯಲ್ಲೇ ಅಂಗಳದಲ್ಲಿ ಎರಡು ಲಿಂಟಲ್ (ಆ ಹಲಗೆಯ ಬದಲು ಕೂರುವ ಕಾಂಕ್ರೀಟ್ ತೊಲೆ) ಎರಕ ಹೊಯ್ದೆವು. ಒಂದೊಂದೂ ನಾಲ್ಕೂವರೆ ಅಡಿ ಉದ್ದ, 7 ಇಂಚು ಅಗಲ, 4 ಇಂಚು ದಪ್ಪ. ಕಿಟಕಿ 3 ಅಡಿ, ಎರಡೂ ಬದಿಗೆ 9 ಇಂಚು ಗೋಡೆ ಮೇಲೆ ಕೂರಲಿ ಅಂತ ಈ ಉದ್ದ. 10 ಮಿ.ಮೀ. ಕಬ್ಬಿಣ, ಒಂದು ಪಾಲು ಸಿಮೆಂಟಿಗೆ ಎರಡು ಮರಳು, ನಾಲ್ಕು ಜಲ್ಲಿ. ಗೋಣಿ ಹೊದಿಸಿ ಎರಡು ವಾರ ನೀರು ಹಾಕಿದೆವು. ಗೋಡೆ ದಪ್ಪಕ್ಕೆ ಒಂದೇ ದೊಡ್ಡ ಲಿಂಟಲ್ ಮಾಡುವ ಬದಲು ಎರಡು ಮಾಡಿದ್ದಕ್ಕೆ ಕಾರಣ ಇದೆ, ಮುಂದೆ ಬರುತ್ತೆ.

ಮಾರ್ಚ್ ಮೊದಲ ವಾರ: ಮರ

ಹೊಸ ಮರ ಸೀಳಿಸಿದರೆ 3 ಇಂಚು ದಪ್ಪದ ಚೌಕಟ್ಟು ಒಣಗೋಕೆ ವರ್ಷಗಟ್ಟಲೆ ಬೇಕು. ಅಷ್ಟು ಸಮಯ ಇಲ್ಲ. ಹಾಗಾಗಿ ಶಿವಮೊಗ್ಗಕ್ಕೆ ಹೋಗಿ, ಕೆಡವಿದ ಮನೆಗಳ ಹಳೇ ಮರ ಮಾರುವ ಕಡೆ ಹೊನ್ನೆ ತೊಲೆ ನೋಡಿದೆವು.

ಎಷ್ಟು ಬೇಕು ಅನ್ನೋ ಲೆಕ್ಕ ಹೀಗೆ. ಚೌಕಟ್ಟು 4×3 ಇಂಚು. ನಿಲುವು ಎರಡು, ನಡುವಿನದೊಂದು, ಒಟ್ಟು 12 ಅಡಿ. ಮೇಲೆ ಕೆಳಗೆ ಅಡ್ಡ ಮರ, ಗೋಡೆಯೊಳಗೆ ಹೋಗುವ ಕಿವಿ ಸೇರಿ ಮೂರೂವರೆ ಅಡಿಯದು ಎರಡು, 7 ಅಡಿ. ಒಟ್ಟು 19 ಅಡಿ ಉದ್ದ, ಅಂದರೆ ಸುಮಾರು 1.6 ಘನ ಅಡಿ. ಎರಡು ಬಾಗಿಲಿನ ಪಟ್ಟಿಗಳಿಗೆ ಇನ್ನೊಂದು 0.65. ಕೀಸಿ ಹೋಗೋದು, ಮೊಳೆ ತೂತು ಇರೋ ಭಾಗ ಬಿಡೋದು ಸೇರಿಸಿ ಕಿಟಕಿಗೆ 2.7 ಘನ ಅಡಿ ಹಿಡಿದೆವು. ಮೂರಕ್ಕೆ 8. ಘನ ಅಡಿಗೆ ₹1,900. ಬಿಲ್ ಬರೆಸಿಕೊಂಡೇ ಮರ ಹೇರಿಸಿದೆವು. ದಾರಿಯಲ್ಲಿ ಯಾರಾದರೂ ಕೇಳಿದರೆ ತೋರಿಸೋಕೆ ಕೈಯಲ್ಲಿ ಕಾಗದ ಇರಬೇಕು.

ಹಳೇ ಮರದ ತೊಂದರೆ ಮೊಳೆ. ಸಾಮಿಲ್‌ನವರು ತೊಲೆ ನೋಡಿದ ಕೂಡಲೇ ಬೇಡ ಅಂದರು. ಗರಗಸದ ಬ್ಲೇಡಿಗೆ ಒಂದು ಮೊಳೆ ಸಿಕ್ಕಿದರೆ ಅವರ ಆ ದಿನದ ಕೆಲಸ ಹೋಯಿತು, ಅವರು ಹೇಳಿದ್ದು ಸರಿ. ಮರವನ್ನು ಮನೆಗೆ ತಂದು, ಹಾಳಾದ ಸ್ಪೀಕರಿನ ಆಯಸ್ಕಾಂತಕ್ಕೆ ದಾರ ಕಟ್ಟಿ, ತೊಲೆಯ ನಾಲ್ಕೂ ಮೈ ಮೇಲೆ ನಿಧಾನ ಎಳೆದೆ. ಎಲ್ಲಿ ದಾರ ತಡೆದು ವಾಲುತ್ತೋ ಅಲ್ಲಿ ಸೀಮೆಸುಣ್ಣದ ಗುರುತು. ತಲೆ ಮುರಿದು ಒಳಗೇ ಉಳಿದ ಮೊಳೆ ಕಣ್ಣಿಗೆ ಕಾಣಲ್ಲ, ಆಯಸ್ಕಾಂತ ಬಿಡಲ್ಲ. ಉಳಿಯಲ್ಲಿ ಸುತ್ತ ಬಿಡಿಸಿ, ಇಕ್ಕಳದಲ್ಲಿ ಕಿತ್ತು ಆಮೇಲೆ ಕೊಂಡೊಯ್ದರೆ ಸೀಳಿಕೊಟ್ಟರು.

ಹೊನ್ನೆ ಬಗ್ಗೆ ಇನ್ನೊಂದು ವಿಷಯ. ಒದ್ದೆಯಾದರೆ ಅದು ಬಣ್ಣ ಬಿಡುತ್ತೆ. ಹೊನ್ನೆ ಲೋಟದಲ್ಲಿ ನೀರಿಟ್ಟರೆ ಕೆಂಪು-ಹಳದಿ ಆಗೋದು ಎಲ್ಲರಿಗೂ ಗೊತ್ತು. ಸೀಳಿದ ತುಂಡುಗಳನ್ನು ಜಗಲಿಯ ಗೋಡೆಗೆ ಒರಗಿಸಿದ್ದೆವು. ಒಂದು ಸಂಜೆ ಗುಡುಗು ಮಳೆ ಬಂದು ಎರಚಲು ಹೊಡೆಯಿತು. ಸುಣ್ಣ ಬಳಿದ ಗೋಡೆಗೆ ಕಂದು ಗೆರೆ ಇಳಿಯಿತು, ಎರಡು ಸಲ ಸುಣ್ಣ ಹೊಡೆದ ಮೇಲೆ ಮುಚ್ಚಿತು. ಹಾಗಾಗಿ ಹೊನ್ನೆ ಬಳಸುವವರು ಚೌಕಟ್ಟು ಗೋಡೆಗೆ ಹೋಗುವ ಮುಂಚೆಯೇ ಆರೂ ಮೈಗೆ ಪ್ರೈಮರ್ ಹೊಡೆಯಿರಿ. ಗೋಡೆ ಕಡೆಗೆ ಹೋಗುವ ಮೈಯನ್ನೂ ಬಿಡಬೇಡಿ.

ಗೋಡೆಯೊಳಗೆ ಹೂತು ಹೋಗುವ ಕಿವಿಗಳಿಗೆ ಮತ್ತು ಕೆಳಗಿನ ಅಡ್ಡ ಮರದ ತಳಕ್ಕೆ ಮಾತ್ರ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಾಕಿದೆವು, ಎರಡು ಕೈ. ಹಿಂದಿನವರು ಮಾಡಿನ ಪಕಾಸಿಗೆ ಬಳಿಯುತ್ತಿದ್ದ ಅದೇ ಎಣ್ಣೆ. ಗೆದ್ದಲಿಗೆ ಒಳ್ಳೆ ಮದ್ದು. ಆದರೆ ಚರ್ಮಕ್ಕೆ ತಾಗಿದರೆ ಸುಡುತ್ತೆ. ರಬ್ಬರ್ ಗ್ಲೌಸ್ ಹಾಕಿ, ಮೊಣಕೈವರೆಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಕೆಲಸ ಮಾಡಿ. ಇದರ ಮೇಲೆ ಬಣ್ಣ ಸರಿಯಾಗಿ ಕೂರಲ್ಲ, ಅದಕ್ಕೇ ಕಾಣದ ಭಾಗಕ್ಕೆ ಮಾತ್ರ.

ಮಾರ್ಚ್ ಕೊನೆ: ಹಳೇ ಕಿಟಕಿ ಕಿತ್ತದ್ದು

ಮೊದಲು ಬಣ್ಣದ ಮಾತು. ಮನೆ ಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90) ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಬಂದಿದ್ದೇ 2016ರಲ್ಲಿ. ಅದಕ್ಕೂ ಹಳೆಯ ಎಣ್ಣೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಮನೆಯಲ್ಲಿ ಮಕ್ಕಳಿದ್ದರೆ ಹಳೇ ಚೌಕಟ್ಟನ್ನು ಒಣಗಿದ ಹಾಗೇ ಉಜ್ಜಬೇಡಿ, ಸುಡಬೇಡಿ. ನಾವು ನೀರು ಚಿಮುಕಿಸಿ, ಕೆಳಗೆ ಟಾರ್ಪಾಲ್ ಹಾಸಿ ಕಿತ್ತೆವು. ಆ ಮರವನ್ನು ಬಚ್ಚಲ ಒಲೆಗೂ ಹಾಕಲಿಲ್ಲ.

ಕೀಳುವ ಕ್ರಮ ಹೀಗಿತ್ತು. ಬಾಗಿಲು ಬಿಚ್ಚಿ, ಸರಳು ತೆಗೆದು, ಕೆಳಗಿನ ಅಡ್ಡ ಮರವನ್ನು ನಡುವೆ ಗರಗಸದಿಂದ ಕತ್ತರಿಸಿದೆವು. ಆಮೇಲೆ ಅದನ್ನು ಎರಡು ತುಂಡಾಗಿ ಒಳಗಡೆಗೆ ಎಳೆದುಕೊಂಡೆವು. ನಿಲುವು ಮರವೂ ಹಾಗೇ. ಕೊನೆಗೆ ಮೇಲಿನದು. ಇಡೀ ಚೌಕಟ್ಟನ್ನು ಒಟ್ಟಿಗೆ ಎಬ್ಬಿಸೋಣ ಅಂತ ಮಾವನ ಕೋಣೆಯಲ್ಲಿ ಹಾರೆ ಹಾಕಿ ನೋಡಿದರು. ಬದಿಯ ಮೂರು ಜಂಬಿಟ್ಟಿಗೆ ಕಲ್ಲು ಅಲ್ಲಾಡಿ ಮಣ್ಣು ಉದುರಲು ಶುರುವಾಯಿತು. ಮಣ್ಣಿನ ಗಾರೆ ಗೋಡೆ ಹಾರೆಯ ಏಟು ತಡೆಯಲ್ಲ. ಅಲ್ಲಿಗೆ ನಿಲ್ಲಿಸಿ ಗರಗಸಕ್ಕೆ ಬಂದೆವು. ಸಡಿಲಾದ ಕಲ್ಲುಗಳನ್ನು ತೆಗೆದು ಸುಣ್ಣದ ಗಾರೆಯಲ್ಲಿ ಮತ್ತೆ ಕೂರಿಸಿಯೇ ಮುಂದಿನ ಕೆಲಸ.

ನಡುಮನೆಯ ಹಲಗೆ ಬದಲಾಯಿಸಿದ್ದು ಇಡೀ ಕೆಲಸದಲ್ಲಿ ಎದೆ ಹೊಡೆದುಕೊಂಡ ಭಾಗ. ಚೌಕಟ್ಟು ತೆಗೆಯುವ ಮೊದಲೇ ಒಳಗೆ ಎರಡು, ಹೊರಗೆ ಎರಡು ಸಿಲ್ವರ್ ಓಕ್ ಕಂಬ ಕೊಟ್ಟು, ಅಡಿಗೆ ಜೋಡಿ ಬೆಣೆ ಹೊಡೆದು ಬಿಗಿ ಮಾಡಿದೆವು. ಆಮೇಲೆ ಗೋಡೆಯ ಹೊರ ಅರ್ಧದ ಹಲಗೆ ಮಾತ್ರ ತೆಗೆದು, ಅಲ್ಲಿಗೆ ಮೊದಲನೇ ಲಿಂಟಲ್ ತೂರಿಸಿದೆವು. ಮೇಲಿನ ಸಂದಿಗೆ ಹೆಂಚಿನ ಚೂರು ಮತ್ತು ಗಟ್ಟಿ ಗಾರೆ ತುರುಕಿ ಒಂದು ವಾರ ಬಿಟ್ಟೆವು. ಅದು ಭಾರ ಹೊತ್ತ ಮೇಲೆಯೇ ಒಳ ಅರ್ಧ. ಲಿಂಟಲ್ ಎರಡು ತುಂಡು ಮಾಡಿದ್ದು ಇದಕ್ಕೇ. ಯಾವ ಹೊತ್ತಿನಲ್ಲೂ ಗೋಡೆಯ ಅರ್ಧಕ್ಕೆ ಆಧಾರ ಇರಬೇಕು. ಒಂದೊಂದು ಲಿಂಟಲ್ ಅರವತ್ತು ಕಿಲೋ ಹತ್ತಿರ ಇತ್ತು, ಇಬ್ಬರು ಎತ್ತುವ ಭಾರ. ಈ ಕೆಲಸಕ್ಕೆ ಅನುಭವ ಇರುವ ಮೇಸ್ತ್ರಿ ಬೇಕೇ ಬೇಕು. ಉಳಿದದ್ದೆಲ್ಲ ಮನೆಯವರು ಕೈ ಹಾಕಬಹುದು, ಇದನ್ನಲ್ಲ.

ಏಪ್ರಿಲ್: ಕೆಳಗಿನ ಕಲ್ಲು

ಹಳೇ ಚೌಕಟ್ಟು ಗೋಡೆಯ ಹೊರಮೈಗೆ ಸಮ ಇತ್ತು. ಹೊಸದನ್ನು 4 ಇಂಚು ಒಳಗೆ ಕೂರಿಸಲು ತೀರ್ಮಾನಿಸಿದೆವು. ಗೋಡೆಯ ದಪ್ಪವೇ ಅಷ್ಟರಮಟ್ಟಿಗೆ ಮರೆಯಾಗುತ್ತೆ. ಇದರಿಂದ ನಷ್ಟವೂ ಇದೆ. ಹೊರಕ್ಕೆ ತೆರೆಯುವ ಬಾಗಿಲು ಗೋಡೆಗೆ ಮಡಚಿ ಕೂರಲ್ಲ, ನೇರ ನಿಲ್ಲುತ್ತೆ. ಗಾಳಿಗೆ ಬಡಿಯದ ಹಾಗೆ ಗಟ್ಟಿ ಕೊಂಡಿ ಬೇಕಾಯಿತು.

ಕಿಟಕಿ ಕೆಳಗೆ ಗ್ರಾನೈಟ್ ಕಲ್ಲು: 20 ಮಿ.ಮೀ. ದಪ್ಪ, 8 ಇಂಚು ಅಗಲ, ಮೂರೂವರೆ ಅಡಿ ಉದ್ದ. ಅಗಲದ ಲೆಕ್ಕ ಹೀಗೆ. ಚೌಕಟ್ಟಿನ ಅಡಿಗೆ 2 ಇಂಚು, ಬಯಲಲ್ಲಿ ಕಾಣೋದು 4, ಗೋಡೆಯಿಂದ ಹೊರಗೆ ಚಾಚೋದು 2. ಉದ್ದದಲ್ಲಿ ಎರಡೂ ಬದಿಗೆ 3 ಇಂಚು ಗೋಡೆಯೊಳಗೆ ಹೋಗಬೇಕು. ಕಂಡಿಯ ಅಳತೆಗೇ ಕಲ್ಲು ಕತ್ತರಿಸಿ ಕೂರಿಸಿದರೆ ಎರಡು ತುದಿಯ ಸಂದಿಯಲ್ಲೇ ನೀರು ಇಳಿಯೋದು.

ಇಳಿಜಾರು ಹತ್ತಕ್ಕೆ ಒಂದು. 200 ಮಿ.ಮೀ. ಅಗಲದ ಕಲ್ಲಿಗೆ ಹಿಂದಿನ ಅಂಚು ಮುಂದಿನದಕ್ಕಿಂತ 20 ಮಿ.ಮೀ. ಎತ್ತರ. ರಸಮಟ್ಟದ ಮುಂದಿನ ತುದಿಗೆ 20 ಮಿ.ಮೀ. ಮರದ ತುಂಡು ಅಂಟಿಸಿ, ಗುಳ್ಳೆ ನಡುವೆ ಬರುವ ಹಾಗೆ ಕಲ್ಲು ಕೂರಿಸಿದೆ. ಇಷ್ಟು ಇಳಿಜಾರು ಜಾಸ್ತಿ ಅನಿಸಬಹುದು. ಗಾಳಿ ನೀರನ್ನು ಮೇಲಕ್ಕೆ ತಳ್ಳೋದನ್ನ ನೋಡಿದವರಿಗೆ ಅನಿಸಲ್ಲ.

ಮೊದಲ ಕಲ್ಲನ್ನು ಮಾವನ ಕೋಣೆಗೆ ಕೂರಿಸಿ, ಗಾರೆ ಒಣಗಿದ ಮೇಲೆ ಚೊಂಬಿನಲ್ಲಿ ನೀರು ಸುರಿದು ಪಕ್ಕದಲ್ಲಿ ಕೂತು ನೋಡಿದೆ. ನೀರು ಚೆನ್ನಾಗಿ ಮುಂದಕ್ಕೆ ಹರಿಯಿತು. ಅಂಚಿಗೆ ಬಂದದ್ದು ನೇರ ಬೀಳಲಿಲ್ಲ. ಅಂಚು ತಿರುಗಿ ಕಲ್ಲಿನ ಕೆಳಮೈಗೆ ಅಂಟಿಕೊಂಡು, ಸಣ್ಣ ಸಣ್ಣ ಹನಿಯಾಗಿ ಗೋಡೆ ಕಡೆಗೇ ವಾಪಸ್ ಹೊರಟಿತು. ಎರಡು ಇಂಚು ಹಿಂದೆ ನಡೆದು ಪ್ಲಾಸ್ಟರಿಗೆ ಮುಟ್ಟಿ, ಅಲ್ಲಿ ಕಪ್ಪಗೆ ಒಂದು ಒದ್ದೆ ಕಲೆ ಹರಡಲು ಶುರುವಾಯಿತು. ಕಲ್ಲು ಹೊರಗೆ ಚಾಚಿದ್ದು ವ್ಯರ್ಥವೇ ಆಯಿತು ಅಲ್ವಾ?

ಕಲ್ಲಿನ ಕೆಳಮೈಯಲ್ಲಿ, ಮುಂದಿನ ಅಂಚಿನಿಂದ ಒಂದು ಇಂಚು ಬಿಟ್ಟು, ಉದ್ದಕ್ಕೂ ಒಂದು ಗಾಡಿ, ಅಂದ್ರೆ ಕೊರೆದ ಸಣ್ಣ ಕಾಲುವೆ, ಇರಬೇಕು. ಅಗಲ 10 ಮಿ.ಮೀ., ಆಳ 8 ಮಿ.ಮೀ. ಹಿಂದಕ್ಕೆ ಹೊರಟ ಹನಿ ಆ ಗಾಡಿಯ ಅಂಚಿಗೆ ಬಂದು ದಾಟಲಾರದೆ ಅಲ್ಲೇ ಬೀಳುತ್ತೆ. ಉಳಿದ ಮೂರು ಕಲ್ಲಿಗೆ ಕೂರಿಸುವ ಮೊದಲೇ ಗ್ರೈಂಡರಿನಲ್ಲಿ ಎರಡು ಗೆರೆ ಎಳೆದು, ನಡುವಿನದನ್ನು ಉಳಿಯಲ್ಲಿ ತೆಗೆದೆ. ಮೊದಲನೆಯದನ್ನು ಎಬ್ಬಿಸಲು ಹೋದರೆ ಒಡೆಯುತ್ತಿತ್ತು. ಅದಕ್ಕೆ ಕೆಳಗಿನಿಂದ ಅಲ್ಯುಮಿನಿಯಂ ಎಲ್ ಪಟ್ಟಿಯನ್ನು, ಒಂದು ಮಡಿಕೆ ಕೆಳಮುಖವಾಗಿ ನಿಲ್ಲುವ ಹಾಗೆ, ಸೀಲಂಟಿನಲ್ಲಿ (ಸಂದಿ ಮುಚ್ಚುವ ಅಂಟು) ಅಂಟಿಸಿದೆ. ಅದೂ ಕೆಲಸ ಮಾಡುತ್ತಿದೆ. ಮತ್ತೆ ಚೊಂಬಿನ ನೀರು ಸುರಿದಾಗ ಗೋಡೆ ಒಣಗಿಯೇ ಇತ್ತು. ಗ್ರಾನೈಟ್ ಕತ್ತರಿಸುವಾಗ ಮುಖಕ್ಕೆ ಮಾಸ್ಕ್, ಕಣ್ಣಿಗೆ ಕನ್ನಡಕ ಇರಲಿ. ಆ ದೂಳು ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು.

ಚೌಕಟ್ಟಿನ ಅಡಿಗೆ ಬರುವ ಕಲ್ಲಿನ ಹಿಂದಿನ ಅಂಚಿಗೂ 20 ಮಿ.ಮೀ. ಅಲ್ಯುಮಿನಿಯಂ ಎಲ್ ಪಟ್ಟಿ ಎದ್ದು ನಿಲ್ಲಿಸಿದೆವು. ಮರದ ತಳದಲ್ಲಿ ಅದಕ್ಕೆ ಸರಿಯಾಗಿ ಗಾಡಿ. ಗಾಳಿಗೆ ನೀರು ಮರದಡಿ ನುಗ್ಗಿದರೂ ಆ ಪಟ್ಟಿ ಹತ್ತಿ ಒಳಗೆ ಬರಲಾಗಲ್ಲ.

ಏಪ್ರಿಲ್ ಕೊನೆ: ಚೌಕಟ್ಟು ಕೂರಿಸಿದ್ದು

ಪ್ರತಿ ನಿಲುವಿಗೆ ಮೂರು ಹೋಲ್ಡ್‌ಫಾಸ್ಟ್ (ಚೌಕಟ್ಟನ್ನು ಗೋಡೆಗೆ ಹಿಡಿಸುವ ಕಬ್ಬಿಣದ ಪಟ್ಟಿ), ರೆಡ್ ಆಕ್ಸೈಡ್ ಹೊಡೆದದ್ದು. ಗೋಡೆಯಲ್ಲಿ ಅದಕ್ಕೆ ಗೂಡು ತೆಗೆದು ಜಲ್ಲಿ ಕಾಂಕ್ರೀಟ್. ತೂಗುಗುಂಡಿನಲ್ಲಿ ಎರಡೂ ದಿಕ್ಕಿಗೆ ನೋಡಿ, ಮೂಲೆಯಿಂದ ಮೂಲೆಗೆ ಅಳೆದು, ಬೆಣೆ ಕೊಟ್ಟು ನಿಲ್ಲಿಸಿದೆವು. ವಾಲಿದ ಕಂಡಿಗೆ ಸರಿಯಾಗಿ ಚೌಕಟ್ಟನ್ನು ವಾಲಿಸಬೇಡಿ. ಚೌಕಟ್ಟು ನೆಟ್ಟಗಿರಲಿ, ಸಂದಿಯನ್ನು ಗಾರೆ ತುಂಬಲಿ.

ಮೊದಲ ಕಿಟಕಿಯ ಸಂದಿಗೆ ಮೇಸ್ತ್ರಿ ಸಿಮೆಂಟ್ ಗಾರೆಯನ್ನೇ ತುಂಬಿದರು. ಒಣಗಿದ ಮೇಲೆ ಮರಕ್ಕೂ ಗಾರೆಗೂ ನಡುವೆ ಕೂದಲೆಳೆಯ ಬಿರುಕು ಬಿಟ್ಟಿತು. ಜಂಬಿಟ್ಟಿಗೆ ಕಡೆಯೂ ಅಲ್ಲಲ್ಲಿ ಬಿಟ್ಟುಕೊಂಡಿತ್ತು. ಉಳಿದ ಎರಡಕ್ಕೆ ಸುಣ್ಣದ ಗಾರೆ ಹಾಕಿಸಿದೆ, ಒಂದು ಸುಣ್ಣಕ್ಕೆ ಮೂರು ಮರಳು, ಕಲ್ಲಿನ ಚೂರು ಸೇರಿಸಿ. ಗಟ್ಟಿಯಾಗೋಕೆ ನಿಧಾನ, ಆದರೆ ಮೆತ್ತನೆ ಗೋಡೆಗೆ ಹೊಂದಿಕೊಂಡಿತು. ಹೊರಗಡೆ 10 ಮಿ.ಮೀ. ಸಂದಿ ಬಿಟ್ಟು, ಅದರೊಳಗೆ ಫೋಮ್ ಹಗ್ಗ ತುರುಕಿ, ಮೇಲೆ ಸೀಲಂಟ್. ಹಗ್ಗ ಇಲ್ಲದೆ ಸುಮ್ನೆ ಸೀಲಂಟ್ ತುಂಬಿದರೆ ಟ್ಯೂಬ್ ಮೇಲೆ ಟ್ಯೂಬ್ ಖಾಲಿ, ಮೂರು ಕಡೆ ಅಂಟಿಕೊಂಡು ಹರಿದೂ ಹೋಗುತ್ತೆ.

ಮೇ: ಅಡುಗೆಮನೆಯ ಯುಪಿವಿಸಿ

ಅಡುಗೆಮನೆಗೆ ಯುಪಿವಿಸಿ ಆರಿಸಿದ್ದು ಜಿಡ್ಡು, ಹೊಗೆ ಒರೆಸೋಕೆ ಸುಲಭ ಅಂತ. ಪಕ್ಕಕ್ಕೆ ಸರಿಯುವ ಸ್ಲೈಡಿಂಗ್ ಕಡಿಮೆ ದರಕ್ಕೆ ಸಿಗುತ್ತಿತ್ತು. ಬೇಡ ಅಂದೆ. ಅದರ ಹಳಿಯಲ್ಲಿ ನೀರು ನಿಲ್ಲುತ್ತೆ, ಎರಡು ಬಾಗಿಲ ನಡುವೆ ಬರೀ ಬ್ರಷ್ ಇರುತ್ತೆ. ಹೊರಕ್ಕೆ ತೆರೆಯುವ ಬಾಗಿಲು ಹಾಕಿಕೊಂಡಾಗ ಸುತ್ತಲೂ ರಬ್ಬರ್ ಒತ್ತಿ ಕೂರುತ್ತೆ. ಅಡ್ಡಮಳೆಗೆ ಅದೇ ಸರಿ.

ಕೂರಿಸಲು ಬಂದವರು ಜಂಬಿಟ್ಟಿಗೆಗೆ ನೇರವಾಗಿ ಡ್ರಿಲ್ ಹಾಕಿ 100 ಮಿ.ಮೀ. ಸ್ಕ್ರೂ ಬಿಟ್ಟರು. ತಿರುಗಿಸಿದಷ್ಟೂ ತಿರುಗುತ್ತಲೇ ಇತ್ತು, ಕೆಂಪು ಪುಡಿ ಮಾತ್ರ ಉದುರಿತು. ಇಟ್ಟಿಗೆ, ಕಾಂಕ್ರೀಟಿಗೆ ಮಾಡಿದ ಪದ್ಧತಿ ನಮ್ಮ ಕಲ್ಲಿಗೆ ನಡೆಯಲ್ಲ. ಕೆಲಸ ನಿಲ್ಲಿಸಿದೆ. ಸ್ಕ್ರೂ ಬರುವ ಆರು ಜಾಗದಲ್ಲಿ 6 ಇಂಚು ಚೌಕ, 5 ಇಂಚು ಆಳದ ಗೂಡು ತೆಗೆಸಿ ಕಾಂಕ್ರೀಟ್ ತುಂಬಿ, ವಾರ ನೀರು ಹಾಕಿ, ಆಮೇಲೆ ಅವರನ್ನು ಮತ್ತೆ ಕರೆಸಿದೆ. ಆಗ ಹಿಡಿಯಿತು.

ಎರಡನೇ ತೊಂದರೆ ಸ್ಪ್ರೇ ಫೋಮ್. ಸಂದಿ ತುಂಬಾ ತುಂಬಿಸಿಬಿಟ್ಟರು. ಮಾರನೇ ದಿನ ನೋಡಿದರೆ ಫೋಮ್ ಉಬ್ಬಿ ಚೌಕಟ್ಟಿನ ಬದಿಯನ್ನು ಒಳಕ್ಕೆ ತಳ್ಳಿದೆ, ಬಾಗಿಲು ಉಜ್ಜುತ್ತಿದೆ. ಚಾಕುವಿನಲ್ಲಿ ಫೋಮ್ ಕತ್ತರಿಸಿ ತೆಗೆದು, ಚೌಕಟ್ಟಿನ ನಡುವೆ ಅಡ್ಡ ಪಟ್ಟಿ ಬಿಗಿದು, ಅರ್ಧ ಸಂದಿಗೆ ಮಾತ್ರ ಮತ್ತೆ ಹೊಡೆಸಿದೆವು. ಫೋಮ್ ನೀರು ತಡೆಯುತ್ತೆ ಅಂತ ನಂಬಬೇಡಿ. ಅದು ಸಂದಿ ತುಂಬೋಕೆ ಅಷ್ಟೇ, ಬಿಸಿಲಿಗೆ ಪುಡಿಯಾಗುತ್ತೆ. ಹೊರಗೆ ಸೀಲಂಟ್ ಬೇಕೇ ಬೇಕು. ಚೌಕಟ್ಟಿನ ಕೆಳಗೆ ಹೊರಗಡೆಗೆ ನೀರು ಹೋಗುವ ಸಣ್ಣ ಸೀಳುಗಳಿರುತ್ತವೆ, ಅವು ಗಾರೆಯಲ್ಲಿ ಮುಚ್ಚಿಹೋಗದ ಹಾಗೆ ನಿಂತು ನೋಡಿಕೊಳ್ಳಿ. ನಮ್ಮಲ್ಲಿ ಒಂದು ಮುಚ್ಚಿತ್ತು, ತಂತಿಯಲ್ಲಿ ಬಿಡಿಸಿದೆ. ಕೋತಿ ಕಾಟಕ್ಕೆ ಒಳಗಡೆ ಕಬ್ಬಿಣದ ಗ್ರಿಲ್ ಹಳೆಯದನ್ನೇ ಉಳಿಸಿಕೊಂಡೆವು.

ಮೇ ಕೊನೆ: ಬಾಗಿಲು, ಗಾಜು, ಬಣ್ಣ

ಹಳೇ ಬಾಗಿಲು ಪೂರ್ತಿ ಹಲಗೆಯದು. ಮಳೆಗಾಲ ಮೂರು ತಿಂಗಳು ಹಾಕಿಟ್ಟರೆ ಮಾವ ಹಗಲಲ್ಲೂ ದೀಪ ಹಾಕಿ ಪೇಪರ್ ಓದಬೇಕಿತ್ತು. ಹೊಸದಕ್ಕೆ 4 ಮಿ.ಮೀ. ಗಾಜು. ಗಾಜನ್ನು ಗಾಡಿಯ ಅಳತೆಗಿಂತ 3 ಮಿ.ಮೀ. ಚಿಕ್ಕದಾಗಿ ಕತ್ತರಿಸಿ, ಅಗಸೆ ಎಣ್ಣೆ ಮತ್ತು ಸೀಮೆಸುಣ್ಣದ ಪುಡಿ ನಾದಿದ ಪುಟ್ಟಿಯ ಮೇಲೆ ಕೂರಿಸಿ, ಆಮೇಲೆ ಬೀಡಿಂಗ್ (ಗಾಜು ಹಿಡಿಯುವ ಸಣ್ಣ ಪಟ್ಟಿ) ಹೊಡೆದೆವು. ಪುಟ್ಟಿಯ ಹದ ಚಪಾತಿ ಹಿಟ್ಟಿನಷ್ಟೇ ಇರಬೇಕು. ಬಣ್ಣ ಹೊಡೆಯುವಾಗ ಗಾಜಿನ ಮೇಲೆ 2 ಮಿ.ಮೀ. ಹತ್ತುವ ಹಾಗೆ ಬಿಡಿ. ಆ ಗೆರೆಯೇ ಗಾಜು-ಪುಟ್ಟಿ ನಡುವೆ ನೀರು ಇಳಿಯದ ಹಾಗೆ ತಡೆಯುತ್ತೆ. ಚಂದ ಕಾಣಲ್ಲ ಅಂತ ಬ್ಲೇಡಿನಲ್ಲಿ ಕೆರೆದು ತೆಗೆಯುವವರಿದ್ದಾರೆ, ತೆಗೆಯಬೇಡಿ.

ಆಚಾರಿಯವರು ಬಾಗಿಲಿಗೆ ಸುತ್ತ 3 ಮಿ.ಮೀ. ಸಂದಿ ಬಿಟ್ಟರು. 3 ಮಿ.ಮೀ. ಪ್ಲೈವುಡ್ ಚೂರು ಜೇಬಲ್ಲಿಟ್ಟುಕೊಂಡು ಎಲ್ಲಾ ಕಡೆ ತೂರಿಸಿ ನೋಡುತ್ತಿದ್ದರು. ಅಳತೆಪಟ್ಟಿ ತೆಗೆಯಲೇ ಇಲ್ಲ. ಮೇ ತಿಂಗಳಲ್ಲಿ ಆ ಸಂದಿ ನೋಡಿ ಅತ್ತೆ "ಇಷ್ಟು ಸಡಿಲ ಯಾಕೆ ಆಚಾರ್ರೇ" ಅಂದರು. "ಆರಿದ್ರಾ ಮಳೆ ಬರಲಿ ಅಮ್ಮಾ, ಆಮೇಲೆ ಕೇಳಿ" ಅಂದರು ಅವರು. ಜುಲೈಯಲ್ಲಿ ಅಳೆದೆ, ಕೆಲವು ಕಡೆ ಒಂದೇ ಮಿ.ಮೀ. ಉಳಿದಿತ್ತು. ಬೇಸಿಗೆಯಲ್ಲಿ ಬಿಗಿಯಾಗಿ ಕೂರಿಸಿದ ಬಾಗಿಲು ಮಳೆಗಾಲಕ್ಕೆ ತೆರೆಯೋದೇ ಇಲ್ಲ.

ಬಾಗಿಲಿನ ಕೆಳಗಿನ ಪಟ್ಟಿಗೆ ಹೊರಗಡೆ ಒಂದೂವರೆ ಇಂಚು ಚಾಚುವ ಇಳಿಜಾರು ಮರ, ಅದರ ಕೆಳಮೈಗೂ ಗಾಡಿ. ಕಲ್ಲಿಗೆ ಹೇಳಿದ್ದೇ ಇಲ್ಲಿಗೂ. ವಿಜಾಗ್ರಿ, ಚಿಲಕ, ಸ್ಕ್ರೂ ಎಲ್ಲ ತುಕ್ಕು ಹಿಡಿಯದ ಸ್ಟೀಲಿನದು, 304 ದರ್ಜೆ. ಸ್ಟೀಲ್ ವಿಜಾಗ್ರಿಗೆ ಕಬ್ಬಿಣದ ಸ್ಕ್ರೂ ಹಾಕಿಬಿಡ್ತಾರೆ, ಡಬ್ಬಿ ನೋಡಿ ತನ್ನಿ. ಸರಳು 12 ಮಿ.ಮೀ., ಕಿಟಕಿಗೆ ಎಂಟು.

ಜೂನ್‌ನಿಂದ ಆಗಸ್ಟ್: ಮಳೆ

ಮೃಗಶಿರಾ ಮಳೆಗೆ ಏನೂ ಆಗಲಿಲ್ಲ. ಆರಿದ್ರಾ ಹಿಡಿದು ಗಾಳಿ ಎದ್ದ ದಿನ ನಡುಮನೆ ಕಿಟಕಿಯ ಎಡ ಕೆಳಮೂಲೆಯಲ್ಲಿ ಒಳಗೋಡೆ ಒದ್ದೆಯಾಯಿತು. ಮಳೆ ಹೊಳವಾದಾಗ ಹೊರಗೆ ಹೋಗಿ ನೋಡಿದರೆ ಸೀಲಂಟ್ ಗೋಡೆ ಕಡೆಗೆ ಅಂಟಿಕೊಂಡೇ ಇರಲಿಲ್ಲ. ಬೆರಳಲ್ಲಿ ಎಳೆದರೆ ಉದ್ದಕ್ಕೂ ಪಟ್ಟಿಯಾಗಿ ಬಂತು, ಹಿಂಬದಿ ಬೆಳ್ಳಗೆ ಸುಣ್ಣದ ಪುಡಿ. ಸೀಲಂಟ್ ಅಂಟಿದ್ದು ಸುಣ್ಣಕ್ಕೆ, ಸುಣ್ಣ ಅಂಟಿರಲಿಲ್ಲ ಗೋಡೆಗೆ. ಒದ್ದೆಯಲ್ಲಿ ಸೀಲಂಟ್ ಹಾಕೋಕಾಗಲ್ಲ. ಹಾಗಾಗಿ ಅಡಿಕೆ ಸೋಗೆಯ ತಡಿಕೆ ಕಟ್ಟಿ, ಹಿಂದೆ ಹೀಟ್ ಗನ್ ಹಿಡಿದು ಒಣಗಿಸಿ, ತಂತಿ ಬ್ರಷ್ಷಿನಲ್ಲಿ ಗಟ್ಟಿ ಪ್ಲಾಸ್ಟರ್ ಕಾಣುವವರೆಗೆ ಉಜ್ಜಿ, ಪ್ರೈಮರ್ ಹೊಡೆದು ಮತ್ತೆ ಹಾಕಿದೆ. ಆಮೇಲೆ ಪುನರ್ವಸು, ಪುಷ್ಯ ಎರಡೂ ಹೋದವು, ಒಣಗಿದೆ. ಸುಣ್ಣ ಬಳಿದ ಗೋಡೆಗೆ ಸೀಲಂಟ್ ಹಾಕುವವರು ಬೇಸಿಗೆಯಲ್ಲೇ ಇಷ್ಟೂ ಮಾಡಿ.

ಸಿಮೆಂಟ್ ಗಾರೆ ತುಂಬಿದ್ದ ಕಿಟಕಿಯ ಬಿರುಕಿನಲ್ಲಿ ಒಳಗೆ ಸ್ವಲ್ಪ ತೇವ ಕಾಣುತ್ತಿದೆ, ನೀರು ಹರಿಯುತ್ತಿಲ್ಲ. ಬೇಸಿಗೆಗೆ ಅದನ್ನು ಕೆರೆದು ಸುಣ್ಣದ ಗಾರೆ ಮಾಡಬೇಕು. ಅಡುಗೆಮನೆ ಪೂರ್ತಿ ಒಣಗಿದೆ.

ಖರ್ಚು

ಹೊನ್ನೆ ಮರ ₹15,200, ಸೀಳಿದ್ದಕ್ಕೆ ₹1,600. ಆಚಾರಿಯವರ ಕೂಲಿ ಕಿಟಕಿಗೆ ₹6,500ರಂತೆ ₹19,500. ಗಾಜು ₹1,470, ವಿಜಾಗ್ರಿ-ಚಿಲಕ-ಕೊಂಡಿ ₹3,900, ಸರಳು ₹1,950. ಗ್ರಾನೈಟ್ ನಾಲ್ಕು ₹1,900. ಯುಪಿವಿಸಿ 9 ಚದರ ಅಡಿ, ₹850ರಂತೆ ₹7,650. ಸಿಮೆಂಟ್, ಸುಣ್ಣ, ಮರಳು, ಜಲ್ಲಿ, ಲಿಂಟಲ್ ಕಬ್ಬಿಣ ₹3,600. ಸೀಲಂಟ್, ಫೋಮ್ ಹಗ್ಗ, ಫೋಮ್ ₹1,850. ಪ್ರೈಮರ್, ಬಣ್ಣ, ಗೇರೆಣ್ಣೆ ₹3,300. ಮೇಸ್ತ್ರಿ ಮತ್ತು ಆಳು ₹9,000. ಒಟ್ಟು ₹70,920. ಮರ ತಂದ ಪಿಕಪ್ ಬಾಡಿಗೆ ₹3,200 ಬೇರೆ.

ನಾಲ್ಕಕ್ಕೂ ಯುಪಿವಿಸಿ ಹಾಕಿದ್ದರೆ ಇಷ್ಟು ಆಗುತ್ತಿರಲಿಲ್ಲ. ಆದರೆ ಮರದ ಕಿಟಕಿ ಕೆಟ್ಟರೆ ರಿಪೇರಿ ಮಾಡುವವರು ಊರಲ್ಲೇ ಇದ್ದಾರೆ, ಯುಪಿವಿಸಿಯ ಒಂದು ಹಿಡಿಕೆ ಹೋದರೆ ಶಿವಮೊಗ್ಗಕ್ಕೆ ಫೋನ್ ಮಾಡಿ ಕಾಯಬೇಕು. ನಮಗೆ ಅದು ಮುಖ್ಯವಾಯಿತು. ಈ ಪಟ್ಟಿಯಲ್ಲಿ ಕಲ್ಲು, ಸೀಲಂಟ್, ಫೋಮ್ ಎಲ್ಲ ಸೇರಿ ನಾಲ್ಕು ಸಾವಿರ ಮುಟ್ಟಲ್ಲ ನೋಡಿ. ದುಡ್ಡು ಎಲ್ಲಿ ಕಡಿಮೆ ಮಾಡಿದರೂ ಅಲ್ಲಿ ಮಾಡಬೇಡಿ.

ತೆಂಕಣ ಗೋಡೆಯ ಎರಡು ಕಿಟಕಿ ಇನ್ನೂ ಬಾಕಿ. ಅಲ್ಲಿಯ ಮರ ಮೇಲೆ ಗಟ್ಟಿ ಇದೆ, ಕೆಳಗಿನ ಅಡ್ಡ ಮಾತ್ರ ಮೆತ್ತಗಾಗಿದೆ. ಅದಕ್ಕೆ ಬೇಕಾದ ಹೊನ್ನೆ ತುಂಡು ಉಳಿದಿದ್ದರಲ್ಲೇ ಸಾಕು. ಪ್ರೈಮರ್ ಹೊಡೆದು, ನಡುವೆ ರೀಪು ಕೊಟ್ಟು ಅಟ್ಟದಲ್ಲಿ ಪೇರಿಸಿಟ್ಟಿದ್ದೇವೆ. ಸದ್ಯಕ್ಕೆ ಹೊರಗಿನ ಮಟ್ಟಸ ದಂಡೆಯ ಪ್ಲಾಸ್ಟರ್ ಕೆತ್ತಿ, ಮರದ ಮೇಲೆ ಹತ್ತಿಸಿದ್ದನ್ನು ಬಿಡಿಸಿ, ನೀರು ಹೊರಕ್ಕೆ ಹರಿಯುವಷ್ಟು ಇಳಿಜಾರು ಮಾಡಿಟ್ಟಿದ್ದೇನೆ. ಕಲ್ಲು ಅಡಿಕೆ ಸುಗ್ಗಿ ಮುಗಿದ ಮೇಲೆ.